ನಾಲ್ಕನೇ ಹಾಡಿನಲ್ಲಿ ಇಲ್ಲದ ಹೆಸರು

ಆರನೇ ಸಲವೂ ಕಾಮೆಂಟು ಮಾಯವಾಗಿತ್ತು.

ಭೀಮರಾಜು ಮೊಬೈಲನ್ನು ಹಳೇ ಟ್ಯೂಬುಗಳ ರಾಶಿಯ ಮೇಲೆ ಎಸೆದ. ಹಾಕಿ ಎರಡು ನಿಮಿಷ ಆಗಿಲ್ಲ, ಅಷ್ಟರಲ್ಲೇ ಒರೆಸಿ ಹಾಕಿದ್ದಾನೆ. ಯಾರು ಅಂತ ಕೇಳಬೇಕಿರಲಿಲ್ಲ. ಚಾನೆಲ್ಲು ಪ್ರಸನ್ನಕುಮಾರನದು, ಹಾಡು ಪ್ರಸನ್ನಕುಮಾರನದು, ಒರೆಸುವ ಬೆರಳೂ ಅವನದೇ.

ವಾರದಿಂದ ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡಿಗೆ ಆ ರ‍್ಯಾಪಿನದೇ ಹುಚ್ಚು. ಆಲ್ಬಮ್ಮಿನ ಹೆಸರು 'ಕಾದ ಚರ್ಮ'. ಆರು ಹಾಡು. ಹಿಂದೂಪುರದ ಬಸ್ಸಿನಲ್ಲೂ ಅದೇ, ಟೀ ಅಂಗಡಿಯಲ್ಲೂ ಅದೇ. ನಮ್ಮ ಹುಡುಗ, ನಮ್ಮ ಮಾತಲ್ಲೇ ಹಾಡಿದ್ದಾನೆ ಅಂತ ಊರಿಗೆ ಊರೇ ಎದೆಯುಬ್ಬಿಸಿಕೊಂಡಿತ್ತು. ಭೀಮರಾಜುವಿನ ಪಂಚರ್ ಅಂಗಡಿಯಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ.

"ಆ ತಮಟೆ ಏಟು ನಿಂದಂತಲ್ಲೋ?" ಪಂಚರ್ ಹಾಕಿಸಲು ಬಂದಿದ್ದ ಬಸವೇಶ್ ಕೆದಕಿದ. "ಎಂಟ್ನೇ ಕ್ಲಾಸಿಗೇ ಸ್ಕೂಲ್ ಬುಟ್ಟು ಇಬ್ರೂ ಒಟ್ಗೇ ಬಡೀತಿದ್ರಿ. ಈಗ ನೋಡು, ಅವ್ನು ಟೀವೀಲಿ, ನೀನು ಟಯರಲ್ಲಿ."

"ಮುಚ್ಕಂಡು ಗಾಡಿ ಹಿಡ್ಕ."

"ಹೊಟ್ಟೆಕಿಚ್ಚು ಕಣ್ಲಾ ನಿಂಗೆ." ಬಸವೇಶ್ ನಗುತ್ತಾ ಬೀಡಿ ತೆಗೆದ. "ಅದಿರ್ಲಿ, ಬೆಂಕಿಪೊಟ್ಣ ಕೊಡು."

"ಇಲ್ಲ."

"ಇಷ್ಟು ದೊಡ್ಡ ಅಂಗ್ಡೀಲಿ ಒಂದು ಕಡ್ಡಿ ಇಲ್ವೇನ್ಲಾ?"

"ಇಲ್ಲ ಅಂದ್ನಲ್ಲ!"

ಬಸವೇಶ್ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಪಂಚರ್ ಆದದ್ದೇ ತಡ, ಗಾಡಿ ಹತ್ತಿ ಹೋದ.

ಉಳಿದ ಐದು ಹಾಡುಗಳ ಬಗ್ಗೆ ಭೀಮರಾಜುವಿಗೆ ತಕರಾರಿರಲಿಲ್ಲ. ಕದ್ದು ಕೇಳಿದ್ದ. ಎದೆಗೆ ಗುದ್ದುವಂಥ ಹಾಡುಗಳು. ಅವನನ್ನು ತಿನ್ನುತ್ತಿದ್ದದ್ದು ನಾಲ್ಕನೆಯದು. ಏಳು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅದರಲ್ಲಿತ್ತು. ಇಬ್ಬರೂ ಐ.ಡಿ.ಹಳ್ಳಿಯ ಮದುವೆಗೆ ತಮಟೆ ಬಡಿಯಲು ಹೊರಟಿದ್ದರು. ಪ್ರಸನ್ನನ ಗುಡಿಸಲ ಹಿಂದೆ ಚರ್ಮ ಬಿಗಿಯಲೆಂದು ಹುಲ್ಲಿನ ಬೆಂಕಿಯಲ್ಲಿ ತಮಟೆ ಕಾಯಿಸಿದ್ದಾಯಿತು. ಕಾದ ತಮಟೆ ಹೇಗೆ ನುಡಿಯುತ್ತದೋ ಅಂತ ಬಡಿದೇ ಬಡಿದರು. ಗಾಳಿಗೆ ಕಿಡಿ ಸೂರಿಗೆ ಹಾರಿತ್ತು. ಒಳಗೆ ಜ್ವರದಲ್ಲಿ ಮಲಗಿದ್ದ ಪ್ರಸನ್ನನ ತಂಗಿ ಅನುಷಾ ಎದ್ದು ಬರಲಿಲ್ಲ.

'ಯಾರ್ಲಾ ಹಚ್ಚಿದ್ದು?' ಅಂತ ಊರು ಕೇಳಿದಾಗ ಭೀಮರಾಜು ಸುಟ್ಟ ಕೈ ಹಿಡಿದುಕೊಂಡು ಮಣ್ಣಲ್ಲಿ ಬಿದ್ದಿದ್ದ. 'ನಾನು' ಅಂದಿದ್ದ ಪ್ರಸನ್ನ. ಅದನ್ನೇ ಈಗ ಹಾಡಿದ್ದಾನೆ:

ಗೀರಿದೋನು ನಾನೇ, ಒಂದೇ ಕಡ್ಡಿ,
ಒಳಗೆ ಮಲಗಿದ್ಲು ಜ್ವರದ ಹುಡ್ಗಿ,
ಅಣ್ಣಾ ಅಂದ್ಲಂತೆ, ಕೇಳಿಸ್ಲಿಲ್ಲ,
ತಮಟೆ ನಿಲ್ಲಲಿಲ್ಲ, ನಾನು ನಿಲ್ಲಿಸ್ಲಿಲ್ಲ.

ಕೇಳಿದವರೆಲ್ಲ ಅತ್ತರು. ಭೀಮರಾಜುವಿಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿದ.

"ಯಾಕ್ಲಾ ಒರೆಸ್ದೆ?"

"ನೀನು ಬರೀತಾ ಇರು, ನಾನು ಒರೆಸ್ತಾ ಇರ್ತೀನಿ," ಪ್ರಸನ್ನನ ದನಿ ತಣ್ಣಗಿತ್ತು.

"ನಾಲ್ಕನೇ ಹಾಡಿಗೆ ನನ್ನ ಹೆಸ್ರು ಹಾಕು. ಅದು ನಂದು ಕಣ್ಲಾ. ನಂದನ್ನ ತಗಂಡು ನೀನು ದೊಡ್ಡೋನಾಗ್ಬ್ಯಾಡ."

"ಹಾಕಲ್ಲ."

"ಹಾಕ್ಲಾ, ನಿನ್ನ ಕಾಲಿಗೆ ಬೀಳ್ತೀನಿ!"

"ನಿನ್ನ ಹೆಸ್ರು ಬಂದ್ರೆ ಆಮ್ಯಾಕೆ ನೀನು ಆ ಊರಲ್ಲಿ ಇರ್ತೀಯೇನ್ಲಾ? ಅವ್ವನ್ನ ಯಾರು ನೋಡ್ಕತಾರೆ?" ಅಂದ ಪ್ರಸನ್ನ. "ಹೆತ್ತೋಳು ಎಷ್ಟು ದಿನ ಸಿಟ್ಟಾಗಿರ್ತಾಳೆ, ಒಂದಾರು ತಿಂಗ್ಳು ಅಂದ್ಕಂಡಿದ್ದೆ. ಏಳು ವರ್ಷ ಆಗೋಯ್ತು. ಉಂಡ್ಳಾ ಅವ್ವ?"

ಭೀಮರಾಜು ಫೋನ್ ಕಟ್ ಮಾಡಿದ.

ಒಂದು ಗಂಟೆಗೆ ಪ್ರಸನ್ನನ ಆ ಅವ್ವನೇ ಬುತ್ತಿ ತಂದಳು. ದಾಸಮ್ಮ. ಮಗಳನ್ನು ಮಣ್ಣು ಮಾಡಿದ ದಿನವೇ ಮಗನನ್ನು ಊರಾಚೆ ಅಟ್ಟಿ, ತಲೆ ಮೇಲೆ ನೀರು ಸುರಿದುಕೊಂಡು, 'ನಂಗೆ ಇಬ್ರೂ ಸತ್ರು' ಅಂದವಳು. ಅಂದಿನಿಂದ ಭೀಮರಾಜುವಿನ ಮನೆಯೇ ಅವಳ ಮನೆ.

"ಉಣ್ಲಾ ಮಗ, ಆರೋಗ್ತದೆ." ಮುದ್ದೆಗೆ ಹುರುಳಿಕಾಳಿನ ಸಾರು ಬಿಟ್ಟಳು. ಅವನ ಬಲಗೈಯ ಮುರುಟಿದ ಚರ್ಮವನ್ನು ದಿನವೂ ಸವರುವಂತೆ ಇವತ್ತೂ ಸವರಿದಳು. "ಹಚ್ಚಿದೋನು ಹಾಡು ಹೇಳ್ಕಂಡು ಮೆರೀತಾವ್ನೆ. ನನ್ನ ಮಗೀನ ಎಳೆಯಾಕೆ ನುಗ್ಗಿ ಕೈ ಸುಟ್ಕಂಡೋನು ಇಲ್ಲಿ ಪಂಚರ್ ಹಾಕ್ತಾವ್ನೆ. ದ್ಯಾವ್ರು ಅನ್ನೋನು ಇದ್ರೆ ಇಂಗಾಗ್ತದಾ?"

ಭೀಮರಾಜು ಬಾಯಿಗೆ ತಂದ ತುತ್ತನ್ನು ತಟ್ಟೆಗೇ ಇಟ್ಟ.

ಅಷ್ಟರಲ್ಲಿ ಟೀ ಅಂಗಡಿಯಿಂದ ನಾಲ್ಕನೇ ಹಾಡು ಶುರುವಾಯಿತು. ದಾಸಮ್ಮ ಎದ್ದು ಹೋಗುತ್ತಾಳೆ ಅಂದುಕೊಂಡ. ಅವಳು ಏಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೊನೆಯವರೆಗೂ ಕೇಳಿದಳು.

"ದನಿ ಸೊರಗೈತೆ," ಅಂದಳು. "ಹೊತ್ತೊತ್ತಿಗೆ ಉಣ್ತಾನೋ ಇಲ್ವೋ." ಮರುಗಳಿಗೆಯೇ ಮುಖ ಬಿಗಿದಳು. "ಉಣ್ದೆ ಸಾಯ್ಲಿ ಬುಡು."

ಭೀಮರಾಜು ತಟ್ಟೆ ಬಿಟ್ಟು ಎದ್ದ. ಕೈ ತೊಳೆದು, ಮೊಬೈಲು ಹುಡುಕಿ, ಏಳನೇ ಸಲ ಅದೇ ಮಾತನ್ನು ಒತ್ತತೊಡಗಿದ. ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋಗುತ್ತಿದ್ದವು.

"ವಾರದಿಂದ ಅದ್ರಲ್ಲಿ ಅದೇನು ಗೀಚ್ತಾ ಇದ್ದೀಯಲಾ?" ದಾಸಮ್ಮ ಕೇಳಿದಳು. "ಅವ್ನಿಗೇನಾ? ನಂಗೂ ಓದಿ ಹೇಳು. ನಂಗೆ ಅಕ್ಸರ ಬರಲ್ಲ, ಕಿವಿ ಕೇಳ್ತೈತೆ."

ಪ್ರಸನ್ನನ ಬೆರಳು ಒರೆಸಲಾಗದ ಜಾಗ ಇಡೀ ಲೋಕದಲ್ಲಿ ಅದೊಂದೇ ಇತ್ತು. ಭೀಮರಾಜು ಅವಳ ಮುಖ ನೋಡಲಿಲ್ಲ. ಗಟ್ಟಿಯಾಗಿ ಓದಿದ:

"ನಾಲ್ಕನೇ ಹಾಡು ಸುಳ್ಳು. ಅವತ್ತು ಗಾಳಿ ಐತೆ, ಬ್ಯಾಡ ಬ್ಯಾಡ ಅಂದೋನು ಪ್ರಸನ್ನ. ಕಡ್ಡಿ ಗೀರಿದೋನು ನಾನು, ಭೀಮರಾಜು."