ಮೊದಲು ಕರೆದ ಹೆಸರು

"ಸೆಲ್ವಿ" ಎಂದಳು ವಸಂತಮ್ಮ.

ಪುಟ್ಟಮ್ಮ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಮುಂದಿಟ್ಟಾಗಿತ್ತು. ಪೊಂಗಲ್ ಮಾರನೆಯ ದಿನ ಗೆಟ್ಟವಾಡಿಯ ಶಾಲೆ ಮೈದಾನದಲ್ಲಿ ಹೆಂಗಸರ ಹಗ್ಗಜಗ್ಗಾಟ ನಡೆದಾಗಲೆಲ್ಲ ವಸಂತಮ್ಮ ತನ್ನ ತಂಡಕ್ಕೆ ಮೊದಲು ಕರೆಯುತ್ತಿದ್ದ ಹೆಸರು ಅವಳದೇ. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯುವುದು ಹೇಗೆಂದು ತಿಳಿಯದೆ, ಪುಟ್ಟಮ್ಮ ಬಗ್ಗಿ ಸರಿಯಾಗೇ ಇದ್ದ ಕಾಲುಂಗುರವನ್ನು ಸರಿಮಾಡಿಕೊಂಡಳು.

ಎದುರು ತಂಡ ಕಟ್ಟುತ್ತಿದ್ದ ಸುಮತಿ ಸಿಕ್ಕಿದ್ದೇ ಲಾಭವೆಂದು "ಪುಟ್ಟಕ್ಕ ನಮ್ ಕಡೀಕೆ" ಎಂದು ರಟ್ಟೆ ಹಿಡಿದು ಎಳೆದುಕೊಂಡಳು. ಬೇವಿನ ಮರದಡಿ ಗಂಡಸರ ಜೊತೆ ಕೂತಿದ್ದ ಪುಟ್ಟಮ್ಮನ ಗಂಡ ನಂಜಯ್ಯ ಸುಮ್ಮನಿರಲಿಲ್ಲ. "ಏನಮ್ಮಿ, ನಿನ್ ಗೆಣೆಕಾತಿ ನಿನ್ನ ಬುಟ್ಬುಟ್ಲಾ?" ಎಂದು ಕೂಗಿದ. ಮೈದಾನವೆಲ್ಲ ನಕ್ಕಿತು. ಪುಟ್ಟಮ್ಮನೂ ನಕ್ಕಳು. ನಗದಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಸೆಲ್ವಿ ಸತ್ಯಮಂಗಲದ ಕಡೆಯವಳು. ತಾಳವಾಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಚಂದ್ರುವನ್ನು ಕಟ್ಟಿಕೊಂಡು ವಸಂತಮ್ಮನ ಪಕ್ಕದ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲೇ, ಸಂತೆಗೆ ಹೋಗುವ ಬಸ್ಸಿನಲ್ಲಿ ವಸಂತಮ್ಮನ ಪಕ್ಕ ಪುಟ್ಟಮ್ಮ ಕೂರುತ್ತಿದ್ದ ಜಾಗದಲ್ಲಿ ಅವಳು ಕೂರತೊಡಗಿದ್ದಳು. ಮೊದಲೆಲ್ಲ ಬಿಸಿಯಾಗಿ ಪುಟ್ಟಮ್ಮನ ಮನೆ ತಲುಪುತ್ತಿದ್ದ ಹುರುಳಿ ಸಾರು ಈಗ ತಣ್ಣಗಾಗಿ ಬರುತ್ತಿತ್ತು, ಎರಡನೇ ಮನೆಗೆ ಬಂದ ಹಾಗೆ. ಇವತ್ತಂತೂ ಇಬ್ಬರ ಜಡೆಯಲ್ಲೂ ಕನಕಾಂಬರ. ಒಂದೇ ದಂಡೆಯಿಂದ ಕತ್ತರಿಸಿದ್ದೆಂದು ದೂರದಿಂದಲೇ ಕಾಣುತ್ತಿತ್ತು.

ಆಟ ನಡೆಸುತ್ತಿದ್ದ ದಯಾನಂದ್ ಮೈಕಿನಲ್ಲಿ ಹೆಸರು ಕೂಗಿ ಸೀಟಿ ಊದಿದ. ಗಟ್ಟಿಗಿತ್ತಿಯೆಂದು ಪುಟ್ಟಮ್ಮನನ್ನು ಕಟ್ಟಕಡೆಗೆ ನಿಲ್ಲಿಸಿದ್ದರು. ಅವಳು ಹಿಮ್ಮಡಿ ನೆಲಕ್ಕೆ ಊರಿ ಜಗ್ಗಿದಳು. ಹಗ್ಗ ಗೇಣು ಗೇಣಾಗಿ ಅವಳ ಕಡೆಗೇ ಬರುತ್ತಿತ್ತು. ಇನ್ನೊಂದಿಷ್ಟು ಜಗ್ಗಿದ್ದರೆ ಆಟ ಮುಗಿಯುತ್ತಿತ್ತು. ಆದರೆ ಆಚೆ ತುದಿಯಲ್ಲಿ ಸೆಲ್ವಿ ವಸಂತಮ್ಮನ ಬೆನ್ನ ಹಿಂದೆಯೇ ನಿಂತಿದ್ದು ಕಂಡಿತು. ಅವಳೇನೋ ಹೇಳಿದಳು, ಕಾಲು ಜಾರುತ್ತಿದ್ದರೂ ವಸಂತಮ್ಮ ಕತ್ತು ಹಿಂದಕ್ಕೆ ಹಾಕಿ ನಕ್ಕಳು. ಸೋಲುವಾಗಲೂ ಅಂಥ ನಗು. ಪುಟ್ಟಮ್ಮ ಎರಡೂ ಕೈ ಬಿಚ್ಚಿದಳು.

ಮುಂದಿದ್ದವರ ಅಂಗೈಗಳನ್ನು ಸೀಳಿಕೊಂಡು ಹಗ್ಗ ಹಾರಿಹೋಯಿತು. ಆ ಕಡೆಯವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರ ಅಡಿಗೆ ಸೆಲ್ವಿ ಸಿಕ್ಕಿದ್ದಳು. ಮೇಲೆದ್ದಾಗ ಮೊಣಕೈ ತರಚಿ ರಕ್ತ ಒಸರುತ್ತಿತ್ತು. ವಸಂತಮ್ಮ ಗೆದ್ದದ್ದನ್ನೂ ಮರೆತು ತನ್ನ ಹೊಸ ಸೀರೆಯ ಸೆರಗಿನಿಂದಲೇ ಅದನ್ನು ಒರೆಸಿದಳು. ಸೆಲ್ವಿ ಬೀಳಲೆಂದು ಕೈ ಬಿಟ್ಟರೆ, ಬಿದ್ದವಳಿಗೆ ಸೆರಗೂ ಸಿಕ್ಕಿತು.

"ಯಾಕಕ್ಕ ಬುಟ್ಬುಟ್ಟೆ?" ಮರದಡಿ ಬಂದು ಕೂತಾಗ ವಸಂತಮ್ಮ ಕೇಳಿದಳು.

"ನಾನೆಲ್ ಬುಟ್ಟೆ? ಬೆವ್ತಿತ್ತು, ಅಗ್ಗ ಜಾರ್ತು." ಪುಟ್ಟಮ್ಮ ಕಬ್ಬಿನ ತುಂಡನ್ನು ಸಿಗಿಯುತ್ತಾ, ಮುಖ ಎತ್ತದೆ ಕೇಳಿದಳು: "ಅದಿರ್ಲಿ. ಮೊದ್ಲು ಅವಳ್ನೇ ಕರ್ದೆಯಲ್ಲ, ಅಷ್ಟೊಂದ್ ಬಲ ಅದಾ ಅವಳ್ಗೆ?"

"ಬಲ ಎಲ್ ಬಂತಕ್ಕ. ಕಡ್ಡಿ ಇದ್ದಂಗವಳೆ." ವಸಂತಮ್ಮ ದನಿ ತಗ್ಗಿಸಿದಳು. "ಯಾರೂ ಕರೀದೆ ಕಡೇಗಂಟ ನಿಂತ್ಕಳದು ಎಂಗಿರ್ತದೆ ಅಂತ ನಂಗೊತ್ತು. ನಾ ಮದ್ವೆ ಆಗಿ ಬಂದ್ ವರ್ಸ ಇದೇ ಬಯಲಲ್ಲಿ ಮೂಲೇಲಿ ನಿಂತಿದ್ದೆ. ಎಲ್ರಿಗಿಂತ ಮುಂದಾಗಿ ನನ್ ಎಸ್ರು ಕೂಗ್ದೋಳು ನೀನೇ ಅಲ್ವಾ? ನಿನ್ನ ಯಾರ್ ಬೇಕಾದ್ರೂ ಕರೀತಾರೆ ಕಣಕ್ಕ."

ಪುಟ್ಟಮ್ಮನಿಗೆ ಅದು ಮರೆತೇ ಹೋಗಿತ್ತು. ನೆನಪಾದ ಮೇಲೂ ಉರಿ ಆರಲಿಲ್ಲ. ಅವತ್ತು ತಾನು ಕರೆದದ್ದು, ಮುಂದೊಂದು ದಿನ ಇವಳು ತನ್ನನ್ನು ಬಿಟ್ಟು ಇನ್ನೊಬ್ಬಳನ್ನು ಕರೆಯಲಿ ಎಂದಲ್ಲವಲ್ಲ.

ಅಷ್ಟರಲ್ಲಿ ಸೆಲ್ವಿ ಯಾರ ಮನೆಯಿಂದಲೋ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದಳು. ತನ್ನ ಮೊಣಕೈಯನ್ನು ಹಾಗೇ ಬಿಟ್ಟು ಸೋತವರ ಮುಂದೆ ಒಬ್ಬೊಬ್ಬರಾಗಿ ಕೂತು ಹಚ್ಚತೊಡಗಿದಳು. ಸುಮತಿಯ ಅಂಗೈಯಲ್ಲಿ ಹಗ್ಗ ಜಾರಿದ ಉದ್ದಕ್ಕೂ ಚರ್ಮ ಕಿತ್ತು ಬಂದಿತ್ತು. ಅವಳ ಹಿಂದೆ ನಿಂತಿದ್ದವಳದೂ ಹಾಗೇ.

"ಪುಟ್ಟಕ್ಕಾ, ಕೈ ಕೊಡುಂಗ" ಎಂದಳು ಸೆಲ್ವಿ, ತನ್ನ ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

"ನಂಗೇನೂ ಆಗಿಲ್ಲ, ಬುಡು." ಪುಟ್ಟಮ್ಮ ಮುಷ್ಟಿ ಬಿಗಿದು ಮಡಿಲಲ್ಲಿಟ್ಟುಕೊಂಡಳು.

"ತೋರ್ಸಕ್ಕ, ನಾಚ್ಕೆ ಯಾಕೆ?" ವಸಂತಮ್ಮ ನಗುತ್ತಲೇ ಆ ಕೈ ಎಳೆದುಕೊಂಡು ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ.

ವಸಂತಮ್ಮನ ನಗು ನಿಂತಿತು. ಸುಮತಿಯ ಕೈಯತ್ತ ಒಮ್ಮೆ ನೋಡಿದಳು. ಮತ್ತೆ ಈ ಕೈ ನೋಡಿದಳು.

"ಇವಳ್ಗೂ ವಸಿ ಅಚ್ಚವ್ವ" ಎಂದಳು ಮೆಲ್ಲಗೆ.

ಸೆಲ್ವಿ ಮುಂದಕ್ಕೆ ಬಾಗಿ, ಉರಿದೀತೆಂದು ಬಾಯಲ್ಲಿ ಊದಿ ಊದಿ, ಆ ನುಣುಪಾದ ಅಂಗೈಗೆ ಎಣ್ಣೆ ಸವರತೊಡಗಿದಳು.