ಕೂಗಿದ ಕುರುಬ

ಮುದಿ ಕುರುಬ ಜಕ್ಕಪ್ಪ ಭರತನ ಕಬ್ಬಿನ ಹೊಲದೊಳಗೆ ಹೊಕ್ಕದ್ದನ್ನು ಕಂಡವರಿದ್ದರು, ಹೊರಬಂದದ್ದನ್ನು ಕಂಡವರಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಕಬ್ಬಿನ ಆಚೆ ಬದಿಗೆ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಮರೆವಿನ ರೋಗ ಹತ್ತಿದ ಮುದುಕನಿಗೆ ಹಾದಿ ಯಾವುದು, ಹೊಳೆ ಯಾವುದು ತಿಳಿಯುತ್ತಿರಲಿಲ್ಲ.

ಸೊಸೆ ಕೆಂಪವ್ವ ಊರಿನ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ್ದೇ ತಡ, ದಿಗ್ಗೇವಾಡಿಯ ಅರ್ಧ ಊರು ಬದುವಿಗೆ ಬಂದು ನಿಂತಿತು. ಬೆಳಗಾದರೆ ಹೂವಿನ ಚಿತ್ರ ಕಳಿಸುವುದಕ್ಕಷ್ಟೇ ಇದ್ದ ಗುಂಪು ಅದು. "ಜಕ್ಕಪ್ಪಾ, ಏ ಜಕ್ಕಪ್ಪಾ" ಎಂದು ಎಲ್ಲರೂ ಗಂಟಲು ಹರಿಯುವಂತೆ ಕೂಗಿದರು. ಕೂಗಿದಷ್ಟೂ ಕಬ್ಬಿನ ಗರಿಗಳ ಸಪ್ಪಳ ಹೊಳೆಯ ಕಡೆಗೇ ಸರಿಯಿತು.

"ಕೂಗಬ್ಯಾಡ್ರಿ," ಎಂದಳು ಕೆಂಪವ್ವ. "ಹೊಲದವರು ಹೆಸರ ಹಿಡದು ಕೂಗಿದ್ರ, ಕುರಿ ಬೆಳಿ ಮೇದಾವು, ಬಡ್ಯಾಕ ಬಂದಾರ ಅಂತ ಮಾವಾರು ತಿಳಕೊಂಡಾರ. ಅಂಜಿ ಅಡಗಾಕತ್ತಾರ."

ಭರತ ತಲೆ ತಗ್ಗಿಸಿದ. ಕುರುಬರ ಮೇಲೆ ಹಾಗೆ ಕೂಗಾಡಿದವನೇ ಅವನೂ. "ಹಂಗಾದ್ರ ಏನ ಮಾಡೂಣು, ತಂಗಿ?"

ಕೆಂಪವ್ವನ ಗಂಡ ಮಾಳೇಶ ಫೋನು ತೆಗೆದ. ಕುರಿಗಳು ಅವನ ಮಾತಿಗೆ ಕವಡೆ ಕಿಮ್ಮತ್ತು ಕೊಡುತ್ತಿರಲಿಲ್ಲ. ಅದಕ್ಕೇ ಅಪ್ಪ ಗಟ್ಟಿಯಿದ್ದಾಗ ಕುರಿ ಕರೆಯುತ್ತಿದ್ದ ಅವನ ದನಿಯನ್ನು ರೆಕಾರ್ಡ್ ಮಾಡಿಕೊಂಡಿದ್ದ. ಸಂಜೆ ಅದನ್ನು ಹಚ್ಚಿಯೇ ಹಿಂಡು ಕೂಡಿಸುತ್ತಿದ್ದ. "ಇದನ್ನ ಕೇಳಿದ್ರ ಅಪ್ಪ ಬಂದಾನು. ಆದ್ರ ಫೋನಿನ ದನಿ ಅಲ್ಲೀಮಟ ಮುಟ್ಟೂದಿಲ್ರಿ."

ಭರತ ಓಡಿಹೋಗಿ ಟ್ರ್ಯಾಕ್ಟರ್ ತಂದ. ಸಾಲು ಸ್ಪೀಕರ್ ಬಿಗಿದು, ಕಬ್ಬು ಸಾಗಿಸುವಾಗ ಊರ ನಿದ್ದೆಯನ್ನೆಲ್ಲ ಕೆಡಿಸುವ ಟ್ರ್ಯಾಕ್ಟರ್. ಅದನ್ನು ಬೈಯದ ಬಾಯಿ ಊರಲ್ಲಿರಲಿಲ್ಲ. ಫೋನು ಜೋಡಿಸಿದರು. "ಹುರ್ರ್ರ್... ಬಾ ಬಾ ಬಾ..." ಕೂಗು ಕಬ್ಬಿನ ಮೇಲೆ ಹಾದು ಹೊಳೆಯ ದಂಡೆಯವರೆಗೂ ಹೋಯಿತು.

ಸಪ್ಪಳ ನಿಂತಿತು. ಆಮೇಲೆ ಈಚೆಗೆ ತಿರುಗಿತು. ಮೈಕೈಯೆಲ್ಲ ಗೀರಿಸಿಕೊಂಡ ಜಕ್ಕಪ್ಪ ಗರಿ ಸರಿಸಿ ಹೊರಬಂದ. ಕೆಂಪವ್ವ ಭರತನಿಗೂ ನೆರೆದ ಮಂದಿಗೂ ಕೈಮುಗಿದಳು. "ನಿಮ್ಮ ಉಪಕಾರ ಹೆಂಗ ತೀರಸ್ಲಿ" ಎನ್ನುತ್ತ ಅತ್ತೇಬಿಟ್ಟಳು.

ಮುದುಕ ಮಾತ್ರ ಸ್ಪೀಕರಿನತ್ತ ಕೈಮುಗಿದ. "ಯಾರೋ ಚಲೋ ಕುರುಬ ಅದಾನವ್ವಾ. ಹಾದಿ ತಪ್ಪಿದಾಂವನ್ನ ಕರದ. ಅಂವನ್ನ ಉಣ್ಣಸದ ಕಳಸಬ್ಯಾಡ್ರಿ."

"ಕಳಸೂದಿಲ್ರಿ ಮಾವಾರ," ಎಂದಳು ಕೆಂಪವ್ವ, ಅವನ ಕೈ ಹಿಡಿದು. "ಅಂವನ್ನ ಎಲ್ಲಿಗೂ ಕಳಸೂದಿಲ್ಲ."