ಐದನೆಯ ಸ್ಲೈಡು

"ಇದೇನಮ್ಮ, ಹೇಳು ನೋಡೋಣ," ಎಂದು ಪರೀಕ್ಷೆಯ ಐದನೆಯ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಅಧ್ಯಾಪಕರು ಇರಿಸಿದರು. ಅದು ಕಾಲೇಜಿನ ಪೆಟ್ಟಿಗೆಯದಲ್ಲ. ಅವರ ಹೆಂಡತಿಯ ಎದೆಯಲ್ಲಿದ್ದ ಗಂಟಿನಿಂದ ತೆಗೆದ ಚೂರಿನದು. ಬೆಳಗಿನಿಂದ ಹತ್ತು ಸಲ ನೋಡಿದ್ದರೂ ತಮ್ಮ ಕಣ್ಣನ್ನು ನಂಬಲು ಅವರ ಮನಸ್ಸು ಒಪ್ಪಿರಲಿಲ್ಲ. ಎದುರಿಗೆ ಕುಳಿತವಳು ತರಗತಿಯ 'ಅದಲುಬದಲು'. ಅಂಗಗಳನ್ನು ಮುಚ್ಚುವ ಹೊದಿಕೆ ಅಂಗಾಂಶವನ್ನು ಅದರಡಿಯ ಸಂಯೋಜಕವೆಂದೂ ಸಂಯೋಜಕವನ್ನು ಹೊದಿಕೆಯೆಂದೂ ವರ್ಷವಿಡೀ ಹೇಳಿ ಆ ಹೆಸರು ಗಳಿಸಿದವಳು. ಅವಳ ಬಾಯಲ್ಲಾದರೂ ಬೇರೆ ಮಾತು ಬರಲಿ ಎಂಬ ಹುಚ್ಚು ಆಸೆ ಅವರದು.

"ಬೈಬೇಡಿ ಸಾರ್," ಎಂದಳು ಹುಡುಗಿ, ಕಣ್ಣು ಕೀಳದೆ. "ಇದರಲ್ಲಿ ಎರಡೂ ಕಲಸಿಹೋಗಿವೆ. ಹೊದಿಕೆ ಜೀವಕೋಶಗಳು ನಡುವಿನ ಗೆರೆ ದಾಟಿ ಸಂಯೋಜಕದೊಳಗೆ ಗುಂಪುಗುಂಪಾಗಿ ಇಳಿದಿವೆ."

"ಸರಿಯಾಗಿ ನೋಡಮ್ಮ. ನೀನು ಯಾವಾಗಲೂ ತಪ್ಪೇ ಹೇಳೋದಲ್ವಾ?" ಎಂದರು ಅಧ್ಯಾಪಕರು. ಆ ಮಾತಿನಲ್ಲಿ ಗದರಿಕೆಗಿಂತ ಮೊರೆಯೇ ಹೆಚ್ಚಾಗಿತ್ತು.

"ಇಲ್ಲ ಸಾರ್, ಈ ಸಲ ಖಂಡಿತ! ಹೊದಿಕೆ ಗೆರೆ ದಾಟಿದ್ರೆ ಕ್ಯಾನ್ಸರ್ ಅಂತ ನೀವೇ ಹೇಳಿಕೊಟ್ಟಿದ್ರಲ್ಲ." ವರ್ಷದಲ್ಲಿ ಮೊದಲ ಬಾರಿಗೆ ಅವಳ ಮುಖ ಅರಳಿತ್ತು.

ಅಧ್ಯಾಪಕರು ಪೆನ್ನಿನ ಮುಚ್ಚಳ ತೆಗೆದು, ಅವಳ ಹೆಸರಿನ ಮುಂದೆ ಹತ್ತಕ್ಕೆ ಹತ್ತು ಎಂದು ನಿಧಾನವಾಗಿ ಬರೆದರು.